ತನ್ನಷ್ಟಕ್ಕೇ ಇಳಿಯುವ ವಿಮಾನ

ನನ್ನ ಸೋದರಮಾವ ಬೀಳಿಸಿದಷ್ಟು ವಿಮಾನಗಳನ್ನು ಯಾವ ಶತ್ರುದೇಶವೂ ಬೀಳಿಸಿರಲಿಕ್ಕಿಲ್ಲ! ಅದೂ ಶಿರವಾಡದ ಮನೆಯ ಜಗಲಿಯಲ್ಲಿ, ಲುಂಗಿ-ಬನಿಯನ್ನಿನಲ್ಲಿ ಕುಳಿತು. ಇಷ್ಟಾದರೂ ಪೊಲೀಸರು ಒಮ್ಮೆಯೂ ಮನೆ ಹುಡುಕಿಕೊಂಡು ಬರಲಿಲ್ಲ. ಬರುವುದಾದರೂ ಹೇಗೆ? ಬಿದ್ದದ್ದೆಲ್ಲ ಕಂಪ್ಯೂಟರಿನ ಒಳಗೆ.

ಮಾವ ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಘಟ್ಟ ಹತ್ತುವ ಯಲ್ಲಾಪುರದ ಬಸ್ಸಿಗಿಂತ ಮೇಲಕ್ಕೆ ಅವರು ಎಂದೂ ಹೋದವರಲ್ಲ. ಅಂಥವರಿಗೆ ವಿಮಾನದ ಹುಚ್ಚು ಹಿಡಿದದ್ದು ಒಬ್ಬಳೇ ಮಗಳಿಂದಾಗಿ. ಅಳಿಯ ನೌಕಾಪಡೆಯವನು. ಕಾರವಾರದಲ್ಲೇ ಇದ್ದವನಿಗೆ ಪೋರ್ಟ್ ಬ್ಲೇರಿಗೆ ವರ್ಗವಾಯಿತು. ಅಲ್ಲಿ ಮಗಳು ಬಸುರಿಯಾದಳು, ಡಾಕ್ಟರು ಪ್ರಯಾಣ ಕೂಡದು ಅಂದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕಲ್ಲ! ಹಡಗಿನಲ್ಲಿ ಹೋಗೋಣವೆಂದರೆ ಅತ್ತೆಗೆ ಗಂಗಾವಳಿ ದಾಟುವ ದೋಣಿಯಲ್ಲೇ ವಾಂತಿ. ಉಳಿದದ್ದು ವಿಮಾನ: ಗೋವಾದಿಂದ ಚೆನ್ನೈ, ಅಲ್ಲಿಂದ ಪೋರ್ಟ್ ಬ್ಲೇರ್.

“ನಂಗೆ ಹೆದ್ರಿಕೆ,” ಅಂದುಬಿಟ್ಟರು ಅತ್ತೆ. “ಹತ್ತೂದೇನೋ ಹತ್ತಬಹುದು. ಇಳೀವಾಗ ಬಿದ್ರೆ?”

“ಬೀಳೂದೆಂತಕ್ಕೆ ಮಾರಾಯ್ತಿ! ಈಗಿನ ವಿಮಾನ ತನ್ನಷ್ಟಕ್ಕೇ ಇಳೀತದೆ. ಗುಂಡಿ ಒತ್ತಿದ್ರೆ ಆಯ್ತು. ತೋರಿಸ್ತೇನೆ ತಡಿ.”

ಮಗಳು ಓದುವಾಗ ತಂದ ಕಂಪ್ಯೂಟರಿಗೆ ವಿಮಾನ ಹಾರಿಸುವ ಆಟದ ಸಿ.ಡಿ. ಬಂತು. ಮಾವನ ಮುಂದೆ ಅದನ್ನು ಆಟ ಅಂದರೆ ಮುಗಿಯಿತು ಕಥೆ! ಅತ್ತೆಯ ಷರತ್ತು ಒಂದೇ: ತಮ್ಮ ಕಣ್ಣೆದುರು ವಿಮಾನ ಒಮ್ಮೆ ಸುಖವಾಗಿ ಚೆನ್ನೈಯಲ್ಲಿ ಇಳಿಯಬೇಕು. ಆಮೇಲೆ ಟಿಕೆಟ್ಟು. ಅಂಕೋಲೆಯಿಂದ ಭಾನುವಾರ ಮೀನೂಟದ ಆಸೆಗೆ ಹೋಗುತ್ತಿದ್ದ ನಾನು ಪ್ರಯಾಣಿಕ. ಅತ್ತೆಯ ಹಳೇ ಸೀರೆಯಿಂದ ನನ್ನನ್ನು ಕುರ್ಚಿಗೆ ಬಿಗಿದು ಕಟ್ಟಿದ ಮೇಲೆಯೇ ವಿಮಾನ ಹೊರಡುತ್ತಿತ್ತು.

“ನೋಡು ತಮಾ, ರನ್‌ವೇಯಿಂದ ಎರಡು ಗೆರೆ ಬರ್ತವೆ. ಕಣ್ಣಿಗೆ ಕಾಣೂದಿಲ್ಲ. ಒಂದು ಎಡ-ಬಲ ಹೇಳೂಕೆ. ಇನ್ನೊಂದು ಅರಬೈಲ್ ಘಟ್ಟದ ಹಾಂಗೆ ಇಳಿಜಾರು. ಅಪ್ರೋಚ್ ಗುಂಡಿ ಒತ್ತಿದ್ರೆ ಆಟೊಪೈಲಟ್ ಎರಡನ್ನೂ ಹಿಡ್ಕಂಡು ಇಳಿಸ್ತದೆ. ನಾವು ಕೈ ಕಟ್ಟಿ ಕೂತ್ರಾಯ್ತು.”

ಕೈ ಕಟ್ಟಿ ಕೂತೆವು. ವಿಮಾನ ರನ್‌ವೇಯ ನೇರಕ್ಕೇನೋ ಬಂತು, ಇಳಿಯುವ ಲಕ್ಷಣ ಮಾತ್ರ ಇಲ್ಲ! ಇಳಿಜಾರಿನ ಗೆರೆಯನ್ನು ಕೆಳಗಿನಿಂದ ಹೋಗಿ ಹಿಡಿಯಬೇಕಂತೆ. ನಾವೋ ಅದಕ್ಕಿಂತ ಎಷ್ಟೋ ಮೇಲಿದ್ದೆವು. ವಿಮಾನ ಗಂಭೀರವಾಗಿ ಚೆನ್ನೈ ದಾಟಿ ಸಮುದ್ರದ ಮೇಲೆ ಹೊರಟಿತು.

ಅಡಿಗೆಮನೆಯಿಂದ ಅತ್ತೆ ಇಣುಕಿದರು. “ಹೀಂಗೇ ಹೋಗ್ಲಿ ಬಿಡಿ. ಮಗಳ ಮನೆ ಅಂಗಳದಲ್ಲೇ ಇಳ್ಕಣಬಹುದು!”

ಮಾವನಿಗೆ ರೇಗಿತು. ಆಟೊಪೈಲಟ್ ಬಿಡಿಸಿ ವಿಮಾನದ ಮೂಗು ಕೆಳಗೆ ತಿರುಗಿಸಿದರು. ಸಮುದ್ರ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಆಮೇಲೆ ಏನೂ ಕಾಣಲಿಲ್ಲ. ಮಾವ ಎದ್ದು ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು.

“ಅಷ್ಟು ಜನ ಹೋದ್ರಲ್ಲ ತಮಾ! ಮೀಯದೆ ಹ್ಯಾಂಗೆ ಉಣ್ಣೂದು? ನೀನೂ ಮೀಯಿ.”

ಸತ್ತವರಲ್ಲಿ ನಾನೂ ಒಬ್ಬ, ನಾನ್ಯಾಕೆ ಮೀಯಬೇಕು ಅಂದೆ. ಮಾವ ಕೊಡಪಾನವನ್ನು ನನ್ನ ಕಡೆ ನೂಕಿದರು. ಸುಮ್ಮನೆ ಮಿಂದೆ. ಬಂಗಡೆ ಸಾರು ಅಷ್ಟರಲ್ಲಿ ತಣ್ಣಗಾಗಿತ್ತು.

ಮುಂದಿನ ಭಾನುವಾರ ತಗ್ಗಿನಲ್ಲೇ ಬಂದು ಎರಡೂ ಗೆರೆ ಹಿಡಿದೆವು. ವಿಮಾನ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಇಳಿಯತೊಡಗಿತು. ಮಾವನ ಮುಖ ನೋಡಬೇಕಿತ್ತು ನೀವು! ಆದರೆ ಚಕ್ರ ಕೆಳಗೆ ಬಿಡುವುದು ಆ ಗುಂಡಿಯ ಕೆಲಸವಲ್ಲ, ಪೈಲಟ್ಟನ ಕೆಲಸ. ಪೈಲಟ್ಟು ಕೈ ಕಟ್ಟಿ ಕೂತಿದ್ದರು. ವಿಮಾನ ಹೊಟ್ಟೆಯ ಮೇಲೆ ಇಳಿಯಿತು. ಮತ್ತೆ ಬಾವಿಕಟ್ಟೆ.

ಅದರ ಮುಂದಿನ ವಾರ ಚಕ್ರ ಬಿಟ್ಟು, ರನ್‌ವೇ ಇನ್ನೇನು ಬಂತು ಅನ್ನುವಾಗ ಕರೆಂಟು ಹೋಯಿತು! ವಿಮಾನ ಬಿತ್ತೋ ಇಲ್ಲವೋ ಹೇಳುವವರು ಯಾರು? ಮಾವ ಕಪ್ಪು ಪರದೆಯನ್ನು ತುಸು ಹೊತ್ತು ನೋಡಿ, “ಸಂಶಯ ಇದ್ರೆ ಮಿಂದುಬಿಡೂದೇ ಒಳ್ಳೇದು,” ಎಂದು ಟವೆಲ್ ಹುಡುಕಿದರು.

“ವಿಮಾನ ನೆಲ ಮುಟ್ಟೂಕಿಂತ ಮೊದ್ಲು ನಮ್ಮ ಕೊಡಪಾನ ಬಾವಿ ತಳ ಮುಟ್ತದೆ,” ಅಂದರು ಅತ್ತೆ.

ಅಷ್ಟರಲ್ಲಿ ಮಗಳ ಫೋನು. “ಅಪ್ಪಾ, ಯಾವಾಗ ಬರ್ತ್ರಿ? ನಂಗೆ ಒಬ್ಬಳಿಗೇ ಆಗೂದಿಲ್ಲ.” ಅವಳು ಅಳುತ್ತಿದ್ದಳು. ರಿಸೀವರ್ ಇಟ್ಟ ಮಾವ ಆ ದಿನ ಊಟಕ್ಕೂ ಏಳದೆ ಕಂಪ್ಯೂಟರಿನ ಮುಂದೆಯೇ ಕೂತರು.

ಕೊನೆಗೂ ಆ ಭಾನುವಾರ ಬಂತು. ಕರೆಂಟು ಇತ್ತು, ಚಕ್ರ ಇಳಿದಿತ್ತು, ಗೆರೆಗಳೆರಡೂ ಸಿಕ್ಕಿದ್ದವು. ಅತ್ತೆ ಕೈಯಲ್ಲಿ ಸೌಟು ಹಿಡಿದು ಹಿಂದೆಯೇ ನಿಂತಿದ್ದರು. ರನ್‌ವೇ ತೀರಾ ಹತ್ತಿರ ಬಂದಾಗ ಮಾವ ಆಟೊಪೈಲಟ್ ಬಿಡಿಸಿ, ತಾವೇ ಮೂಗನ್ನು ಚೂರು ಎತ್ತಿದರು. ವಿಮಾನ ನೆಲ ಮುಟ್ಟಿತು, ಓಡಿತು, ನಿಂತಿತು!

“ತನ್ನಷ್ಟಕ್ಕೇ ಇಳೀತದೆ ಅಂದಿದ್ರಿ?”

“ಕಡೆಗೆ ಚೂರು ಮನ್ಷ ಬೇಕಾಗ್ತದೆ ಮಾರಾಯ್ತಿ.”

“ಆಯ್ತು. ಟಿಕೆಟ್ ಮಾಡಿ,” ಎಂದು ಅತ್ತೆ ಒಳಗೆ ಹೋದರು. ನಾನು ಸೀರೆ ಬಿಚ್ಚಿಕೊಂಡು ಹಿಂದೆಯೇ ಹೋಗಿ, “ಅಂತೂ ನಿಮ್ಮ ಹೆದರಿಕೆ ಹೋಯ್ತಲ್ಲ ಅತ್ತೆ!” ಅಂದೆ.

ಅತ್ತೆ ಜಗಲಿಯ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. “ನಂಗೆಂತ ಹೆದ್ರಿಕೆ ತಮಾ? ಮಗಳು ಕರೆದ್ರೆ ನಾನು ಗಾಳಿಪಟ ಹಿಡ್ಕಂಡೂ ಹೋದೇನು. ಹೆದ್ರಿಕೆ ಅವ್ರಿಗೆ. ಟಿ.ವಿ.ಯಲ್ಲಿ ವಿಮಾನ ಕಂಡ್ರೂ ಎದ್ದು ಹೊರಗೆ ಹೋಗ್ತಿದ್ರು. ಬಾಯಿಬಿಟ್ಟು ಹೇಳೂಕೆ ನಾಚ್ಕೆ, ಪಾಪ. ಅದ್ಕೇ ಆ ಹೆದ್ರಿಕೆ ನಾನೇ ತಕಂಡೆ.”

ನಾನು ಕೈಯಲ್ಲಿದ್ದ ಹಳೇ ಸೀರೆಯನ್ನು ಮಡಚಿ ಅವರಿಗೆ ಕೊಟ್ಟೆ.

ಗೋವಾದ ವಿಮಾನ ನಿಲ್ದಾಣಕ್ಕೆ ಅವರನ್ನು ಬಿಡಲು ನಾನೇ ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಮಾವ ದಾರಿಯುದ್ದಕ್ಕೂ ಗೆರೆ, ಗುಂಡಿ ಅಂತ ಪಾಠ ಮಾಡಿದವರು, ಬಾಗಿಲ ಹತ್ತಿರ ಬಂದದ್ದೇ ತಣ್ಣಗಾದರು. ಕಾಲು ಮುಂದೆ ಹೋಗಲೊಲ್ಲದು. ಹಿಂದಿನ ಜನ ಒತ್ತುತ್ತಿದ್ದರು. ಇಷ್ಟು ಪಟ್ಟ ಪಾಡೆಲ್ಲ ಇಲ್ಲಿಗೇ ಮುಗಿಯಿತೇ ಅಂದುಕೊಂಡೆ. ಆಗ ಅತ್ತೆ ಸುತ್ತಲಿನವರಿಗೆಲ್ಲ ಕೇಳುವ ಹಾಗೆ ದೊಡ್ಡದಾಗಿ ಹೇಳಿದರು:

“ಹೋಯ್, ನಂಗೆ ಹೆದ್ರಿಕೆ ಆಗ್ತದೆ. ಕೈ ಗಟ್ಟಿ ಹಿಡ್ಕಳಿ.”

ಮಾವ ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ಒಳಗೆ ಹೋದರು.