ಬಾಡು ಬಿಟ್ಟವರನ್ನು ಹುಡುಕುತ್ತಾ

ಊರವರ ಒಲೆ ಮೇಲೆ ಏನು ಬೇಯುತ್ತಿದೆ ಅಂತ ವಿಚಾರಿಸುವುದನ್ನೇ ಕೆಲಸ ಮಾಡಿಕೊಂಡವಳಿಗೆ ಇಂಥವೆಲ್ಲ ಆಗದೆ ಇನ್ನೇನಾಗುತ್ತದೆ? ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಮುಂದಿನ ಮನೆಯ ಜಗುಲಿಯಲ್ಲಿ ಕಾದು ಕೂತಿರುತ್ತದೆ.

ನನ್ನದು ಸಮೀಕ್ಷೆ ಕೆಲಸ. ಮಾಂಸ ತಿನ್ನುವುದನ್ನು ಕಡಿಮೆ ಮಾಡುವವರು ಯಾರು, ಯಾಕೆ ಮಾಡುತ್ತಾರೆ ಅಂತ ಏಳೆಂಟು ದೇಶಗಳಲ್ಲಿ ಒಟ್ಟಿಗೆ ಕೇಳುತ್ತಿದ್ದರು. ನಮ್ಮ ಕಡೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ನನ್ನ ಪಾಲಿಗೆ ಬಂದವು. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ, ಓಡಾಡಲು ನನ್ನದೇ ಸ್ಕೂಟರು. ಕೆಲಸ ತಾತ್ಕಾಲಿಕ. "ಇದನ್ನು ಸರಿಯಾಗಿ ಮುಗಿಸಿ, ಕಾಯಂ ಮಾಡೋಣ" ಅಂದಿದ್ದರು ನಮ್ಮ ಮೇಲಧಿಕಾರಿ. ಎರಡು ಷರತ್ತು ಹಾಕಿದ್ದರು. ಸ್ವಂತ ಮನೆಯವರ ಉತ್ತರ ಬರೆದುಕೊಳ್ಳುವಂತಿಲ್ಲ. ಮತ್ತೆ, 'ಸ್ವಂತ ನಿರ್ಧಾರದಿಂದ ಮಾಂಸ ಕಡಿಮೆ ಮಾಡಿದವರು' ಅನ್ನುವ ಕಾಲಂ ಖಾಲಿ ಬಿಡುವಂತಿಲ್ಲ.

ಕಾಯಂ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಆತುರಗೇಡಿ ನಾನು ಮನೆದೇವರ ಮುಂದೆ ನಿಂತು, ಆದೇಶ ಬರುವವರೆಗೂ ಬಾಡು ಮುಟ್ಟಲ್ಲ ಅಂತ ಹರಕೆ ಹೊತ್ತುಬಿಟ್ಟೆ. ಹದಿನೈದು ದಿನದ ಮಾತು ಅಂದುಕೊಂಡಿದ್ದೆ. ನಾಲ್ಕು ತಿಂಗಳಾಯಿತು. ಭಾನುವಾರ ಬಂತೆಂದರೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಇಂಥ ಸ್ಥಿತಿಯಲ್ಲಿ ಕಂಡವರ ಮನೆ ಬಾಗಿಲಲ್ಲಿ ನಿಂತು "ನಿಮ್ಮಲ್ಲಿ ಕೋಳಿಯೋ, ಕುರಿಯೋ? ವಾರಕ್ಕೆ ಎಷ್ಟು ಸಲ?" ಅಂತ ಕೇಳಬೇಕು.

ಬದಲಾಗದ ಯಜಮಾನರು

ಮೊದಲ ಮನೆ ತಿಪಟೂರಿನಲ್ಲೇ. ಎಂಬತ್ತರ ಹತ್ತಿರದ ಯಜಮಾನರು, ಹಣೆ ತುಂಬ ವಿಭೂತಿ. ಅವರನ್ನು ನೋಡಿದ ಕೂಡಲೇ ಹಿಂದಿರುಗಬೇಕಿತ್ತು. ಆದರೆ ಟ್ಯಾಬು ಆರಿಸಿದ ಮನೆ ಬಿಡುವಂತಿಲ್ಲ.

"ವಾರಕ್ಕೆ ಎಷ್ಟು ಸಲ ಮಾಂಸ ತಿಂತೀರಿ ಸ್ವಾಮಿ?"

"ಶಿವಶಿವಾ! ನಮ್ಮ ಮುತ್ತಾತನ ಕಾಲದಿಂದ್ಲೂ ಮುಟ್ಟಿಲ್ಲಮ್ಮ."

ಸೊನ್ನೆ ಒತ್ತಿದೆ. ಅಲ್ಲಿಗೆ ಸುಮ್ಮನಾಗಬೇಕಾದ ಟ್ಯಾಬು ಸುಮ್ಮನಾಗಲಿಲ್ಲ. ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಅಂತ ಕೇಳಿತು. "ಅಷ್ಟೇ" ಅಂದರು. ಮುಂದೆ ಕಡಿಮೆ ಮಾಡುವ ಯೋಚನೆ ಇದೆಯೇ ಅಂತ ಕೇಳಿತು. "ಏನಿದೆ ಅಂತ ಕಡಿಮೆ ಮಾಡ್ಲಿ? ಇಲ್ಲ ಅಂತ ಬರ್ಕೊ" ಅಂದರು. ಕೊನೆಯ ಗುಂಡಿ ಒತ್ತಿದ್ದೇ ಟ್ಯಾಬಿನೊಳಗಿಂದ ಒಬ್ಬ ಹೆಣ್ಣುಮಗಳು ಮಧುರವಾಗಿ ಮಾತಾಡಿದಳು. "ನೀವು ಬದಲಾಗಲು ಇನ್ನೂ ಸಿದ್ಧರಿಲ್ಲ. ಚಿಂತೆ ಬೇಡ. ವಾರಕ್ಕೆ ಒಂದೇ ಒಂದು ದಿನ ಮಾಂಸ ಬಿಟ್ಟು ನೋಡಿ."

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಯಜಮಾನರು ಕೋಪ ಮಾಡಿಕೊಳ್ಳಲಿಲ್ಲ. ಗಡ್ಡ ಕೆರೆದುಕೊಂಡು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಒಂದು ದಿನ ಬಿಡಬೇಕು ಅಂದ್ರೆ ಮಿಕ್ಕ ಆರು ದಿನ ಶುರು ಮಾಡ್ಬೇಕಲ್ಲಮ್ಮ. ಈ ವಯಸ್ಸಲ್ಲಿ ನಂಗೆ ಯಾರು ಕಲಿಸ್ತಾರೆ?"

ನೆಂಟಳಾಗಿ ಹೋದದ್ದು

ಕಂದಿಕೆರೆಯಿಂದ ಆಚೆ ಕುರಿ ಸಾಕುವವರ ಹಟ್ಟಿಯೊಂದಕ್ಕೆ ಹೋದೆ. ರೊಪ್ಪದ ತುಂಬ ಕುರಿ. ಇಲ್ಲಿ ದಿನಾ ಬಾಡೇ ಇರಬೇಕು ಅಂದುಕೊಂಡು, ಬಾಯಲ್ಲಿ ಬಂದ ನೀರು ನುಂಗಿ, ಹೊಸಿಲ ಬಳಿ ಕೂತಿದ್ದ ಅಜ್ಜಿಯನ್ನು ಕೇಳಿದೆ.

"ಕುರಿ ಐತೆ ಅಂತ ದಿನಾ ಕುಯ್ಕಂಡು ತಿಂತಾರೇನವ್ವ? ಕುರಿ ಇರಾದು ಮಾರಾಕೆ. ನಾವು ತಿನ್ನಾದು ದೇವ್ರು ಮಾಡ್ದಾಗ, ಇಲ್ಲಾಂದ್ರೆ ನೆಂಟ್ರು ಬಂದಾಗ."

"ಈ ವರ್ಷ ಕಡಿಮೆ ಆಯ್ತಾ ಅಜ್ಜಿ?"

"ಬೋ ಕಡ್ಮೆ ಆಯ್ತು."

ಸ್ವಂತ ನಿರ್ಧಾರದ ಕಾಲಮ್ಮಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದೆ, "ಯಾಕಜ್ಜಿ?"

"ನೆಂಟ್ರೇ ಬರ್ಲಿಲ್ಲ."

ಟ್ಯಾಬಿನಲ್ಲಿ ಕಾರಣಗಳ ಉದ್ದನೆ ಪಟ್ಟಿಯಿತ್ತು. ಆರೋಗ್ಯ, ಪರಿಸರ, ಪ್ರಾಣಿದಯೆ, ಬೆಲೆ, ರುಚಿ. ನೆಂಟರು ಇರಲಿಲ್ಲ. ನಾನು ಮೇಲೆ ಕೆಳಗೆ ಹುಡುಕುತ್ತಿರುವಾಗ ಮನೆ ಹಿಂದೆ ಹುಂಜವೊಂದು ಕಿರುಚಿಕೊಳ್ಳತೊಡಗಿತು. ಅಜ್ಜಿಯ ಸೊಸೆ ಅದನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು.

"ಯಾರು ಬಂದ್ರಜ್ಜಿ?"

"ನೀನು."

ಕೈ ಮುಗಿದು ಹರಕೆಯ ವಿಷಯ ಹೇಳಿದೆ. "ಹರಕೆ ಅಂದ್ಮ್ಯಾಕೆ ಮುಗೀತು ಬುಡು" ಅಂದ ಅಜ್ಜಿ ಮರುಮಾತಿಲ್ಲದೆ ನನಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿತು. ಅಷ್ಟು ಹೊತ್ತಿಗೆ ಹುಂಜದ ಕಥೆ ಮುಗಿದು, ಅದೂ ಒಲೆ ಮೇಲೆ ಬೆಂದಾಗಿತ್ತು. ಮನೆಮಂದಿಯೆಲ್ಲ ನನ್ನ ಎದುರೇ ಸಾಲಾಗಿ ಕೂತು ಕೋಳಿ ಎಸರು ಸೊರಸೊರ ಅನ್ನಿಸಿದರು. ನಾನು ಸೊಪ್ಪು ನುಂಗುತ್ತಾ ದೇವರನ್ನು ಮನಸ್ಸಿನಲ್ಲೇ ಬೈದೆ. ಹೊರಡುವಾಗ ಅಜ್ಜಿ ಸ್ಕೂಟರಿನ ತನಕ ಬಂದು ಪ್ರೀತಿಯಿಂದ ಕೈ ಹಿಡಿಯಿತು.

"ವಾರ ವಾರ ಬಾರವ್ವ. ನೀನು ಬಂದ್ರೆ ನಮ್ಗೂ ಒಂದು ತುಂಡು ಸಿಕ್ತೈತೆ."

ತೋಟದ ಮನೆಯ ಪಾತ್ರೆ

ಇತ್ತ ನಮ್ಮ ಮನೆಯಲ್ಲಿ ನಮ್ಮತ್ತೆಯದು ಬೇರೆ ಕಾಟ. ನನ್ನ ಹರಕೆ ಶುರುವಾದ ಮೇಲೆ ಭಾನುವಾರ ಮಾತ್ರ ಇದ್ದ ಬಾಡು ಬುಧವಾರಕ್ಕೂ ಬಂತು. ಅತ್ತೆ ಮಗನ ತಟ್ಟೆಗೆ ಸುರಿದದ್ದೇ ಸುರಿದದ್ದು. "ತಿನ್ಕಳ್ಲಾ, ಇದ್ದಾಗ್ಲೆ ತಿನ್ಕಬೇಕು, ಮುಂದೆ ಹೆಂಗೋ ಏನೋ." ನನ್ನ ಹೊಟ್ಟೆ ಉರಿಸಲೆಂದೇ ಹೀಗೆ ಮಾಡುತ್ತಾರೆ ಅಂತ ನಾನು ಬಲವಾಗಿ ನಂಬಿದ್ದೆ. ದಿನಾ ಸಂಜೆ ಗೇಟಿನ ಬಳಿ ನಿಂತು "ಬಂತೇನೇ ಆರ್ಡ್ರು?" ಅಂತ ಬೇರೆ ಕೇಳುತ್ತಿದ್ದರು. ಇಲ್ಲ ಅಂದರೆ ಅವರ ಮುಖದಲ್ಲಿ ಬೇಜಾರೂ ಕಾಣುತ್ತಿತ್ತು, ಅದರ ಹಿಂದೆಯೇ ಸಣ್ಣದೊಂದು ಸಮಾಧಾನವೂ ಕಾಣುತ್ತಿತ್ತು. ಆ ಸಮಾಧಾನ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಉರಿಯಲ್ಲೇ ಒಂದು ಸೋಮವಾರ ದಂಡಿನಶಿವರಕ್ಕೆ ಹೋದೆ. ದೊಡ್ಡ ತೆಂಗಿನ ತೋಟದ ಸಾಹುಕಾರರು, ಕುರ್ಚಿ ಹಾಕಿಸಿ, ಎಳನೀರು ಕೊಡಿಸಿ, ತಾವೇ ಶುರು ಮಾಡಿದರು.

"ನಾನು ಬಾಡು ಬಿಟ್ಟು ಎರಡು ವರ್ಷ ಆಯ್ತು ಮೇಡಂ. ಒಂದು ತುಂಡು ಮುಟ್ಟಿಲ್ಲ."

"ಡಾಕ್ಟರ್ ಹೇಳಿದ್ರಾ?"

"ಇಲ್ಲ."

"ಹರಕೆ ಏನಾದ್ರೂ?"

"ಇಲ್ಲ ಕಣ್ರೀ. ನಂದೇ ಮನ್ಸು. ಬ್ಯಾಡ ಅನ್ನುಸ್ತು, ಬಿಟ್ಟೆ."

ಸಿಕ್ಕಿದರಪ್ಪ! ಕುರ್ಚಿಯಿಂದ ಎದ್ದೇ ಬಿಟ್ಟೆ. ಇವರೊಬ್ಬರನ್ನು ಬರೆದುಕೊಂಡರೆ ಆದೇಶ ಬಂದ ಹಾಗೆ, ಆದೇಶ ಬಂದರೆ ಬಾಡು ಬಂದ ಹಾಗೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಸದ್ದು ನಿಂತಿತು. ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದರು. ದನಿಯಲ್ಲಿ ಕೋಪವೇನೂ ಇರಲಿಲ್ಲ.

"ಬರ್ಕಳಿ ಮೇಡಂ, ಬರ್ಕಳಿ. ಹಂಗೇ ಇನ್ನೊಂದು ಪ್ರಶ್ನೆ ಕೇಳಿ. ತೋಟದ ಮನೇಲಿ ಭಾನುವಾರ ಮಸಿ ಹಿಡ್ದಿರೋ ಪಾತ್ರೆನ ಸೋಮವಾರ ಬೆಳಿಗ್ಗೆ ತೊಳೆಯೋರು ಯಾರು ಅಂತ."

ಸೋಮವಾರದ ನಾಯಕರು

ಕಾಲಂ ಖಾಲಿಯೇ ಉಳಿಯಿತು. ಹಾಗೇ ಕಳಿಸಿದೆ. ಎರಡು ದಿನಕ್ಕೆ ಮೇಲಧಿಕಾರಿಯ ಫೋನು ಬಂತು. ಎಲ್ಲ ದೇಶದವರ ಮೀಟಿಂಗ್ ಇದೆ, ನೀವೇ ಬಂದು ಉತ್ತರ ಹೇಳಿ ಅಂದರು. ಕೆಲಸ ಹೋಯಿತು ಅಂತಲೇ ಅಂದುಕೊಂಡೆ. ಕೆಲಸ ಹೋದರೆ ಹರಕೆ ಯಾವಾಗ ತೀರುತ್ತದೆ ಅನ್ನುವುದು ಹೊಳೆದು ಇನ್ನಷ್ಟು ಗಾಬರಿಯಾಯಿತು. ಕಾಯಂ ಆಗದಿದ್ದರೆ ಜೀವಮಾನವಿಡೀ ಸೊಪ್ಪೇ!

ಮೊಬೈಲ್ ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳಲ್ಲಿ ಮುಖಗಳು. ಒಂದು ದೇಶದಲ್ಲಿ ಓದಿದ ಹುಡುಗಿಯರು ಮಾಂಸ ಕಡಿಮೆ ಮಾಡುತ್ತಿದ್ದಾರಂತೆ. ಇನ್ನೊಂದರಲ್ಲಿ ಡಾಕ್ಟರಿಗೆ ಹೆದರಿದ ಮುದುಕರು. ಮತ್ತೊಂದರಲ್ಲಿ ಪರಿಸರದ ಚಿಂತೆ ಹತ್ತಿದವರು. ನನ್ನ ಸರದಿ ಬಂತು. ಒಬ್ಬ ವಿದೇಶಿ ಮೇಡಂ ಕನ್ನಡಕ ಸರಿ ಮಾಡಿಕೊಂಡು ಕೇಳಿದರು, ನಮ್ಮ ಮೇಲಧಿಕಾರಿ ಅದನ್ನು ಕನ್ನಡದಲ್ಲಿ ಹೇಳಿದರು.

"ನಿಮ್ಮ ಮೂರು ತಾಲ್ಲೂಕಿನಲ್ಲೂ ಸೋಮವಾರ ಮತ್ತು ಶನಿವಾರ ಮಾಂಸ ತಿನ್ನುವುದು ತಟ್ಟನೆ ನಿಂತುಹೋಗುತ್ತದೆ. ಶ್ರಾವಣದಲ್ಲಂತೂ ಕೇಳುವುದೇ ಬೇಡ. ನಾವು ಎಷ್ಟು ಪ್ರಚಾರ ಮಾಡಿದರೂ ನಮ್ಮಲ್ಲಿ ಹೀಗಾಗಿಲ್ಲ. ಈ ಚಳವಳಿ ನಡೆಸುತ್ತಿರುವವರು ಯಾರು?"

"ಸೋಮವಾರದ್ದು ಈಶ್ವರ, ಶನಿವಾರದ್ದು ಆಂಜನೇಯ" ಅಂದೆ.

ಮೇಲಧಿಕಾರಿ ಅದನ್ನು ಹೇಗೆ ಹೇಳಿದರೋ ಗೊತ್ತಿಲ್ಲ. ಮೇಡಂ ಉತ್ಸಾಹದಿಂದ ಬರೆದುಕೊಂಡು ಮತ್ತೆ ಕೇಳಿದರು. "ತುಂಬ ಪ್ರಭಾವಶಾಲಿಗಳು. ಅವರಿಬ್ಬರನ್ನೂ ನಾವು ಮಾತಾಡಿಸಬಹುದೇ?"

"ನಾನೂ ನಾಲ್ಕು ತಿಂಗಳಿಂದ ಮಾತಾಡಿಸ್ತಾನೇ ಇದ್ದೀನಿ ಮೇಡಂ, ಇನ್ನೂ ಉತ್ತರ ಬಂದಿಲ್ಲ" ಅಂದೆ.

ಕೊನೆಗೂ ಸಿಕ್ಕ ಮನೆ

ಮರುವಾರವೇ ಉತ್ತರ ಬಂತು. ನನ್ನ ಮಾತಿನಿಂದ ಏನು ಅರ್ಥವಾಯಿತೋ, ಕಾರಣಗಳ ಪಟ್ಟಿಗೆ 'ವಾರ', 'ಹರಕೆ', 'ನೆಂಟರು' ಮೂರನ್ನೂ ಸೇರಿಸಿ ಮತ್ತೊಂದು ಸುತ್ತು ಸಮೀಕ್ಷೆ ಮಾಡುತ್ತಾರಂತೆ, ಅದನ್ನು ನಾನೇ ನೋಡಿಕೊಳ್ಳಬೇಕಂತೆ. ಬುಧವಾರ ಮಧ್ಯಾಹ್ನ ತುರುವೇಕೆರೆಯಲ್ಲಿದ್ದಾಗ ಮೊಬೈಲಿಗೆ ಕಾಯಂ ಆದೇಶ ಬಂತು. ರಸ್ತೆಯಲ್ಲೇ ಕಣ್ಣಲ್ಲಿ ನೀರು ಬಂತು. ಗಂಡನಿಗೆ ಫೋನು ಮಾಡುವುದಕ್ಕೂ ಮೊದಲು ಮಟನ್ ಅಂಗಡಿಗೆ ಹೋದೆ. ಒಂದು ಕೇಜಿ, ತೊಡೆಯದು, ನಲ್ಲಿಮೂಳೆ ಸೇರಿಸಿ. ದಾರಿಯುದ್ದಕ್ಕೂ ಮಸಾಲೆಗೆ ಎಷ್ಟು ಕಾಯಿ ಹಾಕಬೇಕು ಅನ್ನುವುದೇ ಯೋಚನೆ.

ಅತ್ತೆ ಎಂದಿನಂತೆ ಗೇಟಿನಲ್ಲೇ ಇದ್ದರು. "ಬಂತತ್ತೆ!" ಅಂದೆ. ಅವರು ನನ್ನ ಎರಡೂ ಕೆನ್ನೆ ಹಿಡಿದು ಗಳಗಳ ಅತ್ತರು. ನಾನೂ ಅತ್ತುಬಿಟ್ಟೆ. ಆಮೇಲೆ ಅವರ ಕಣ್ಣು ನನ್ನ ಕೈಯಲ್ಲಿದ್ದ ಕವರಿನ ಮೇಲೆ ಬಿತ್ತು. ಅಳು ನಿಂತಿತು. ಎರಡೇ ಹೆಜ್ಜೆಗೆ ಹೋಗಿ ಹೊಸಿಲಿಗೆ ಅಡ್ಡ ನಿಂತರು.

"ಅದನ್ನ ಒಳೀಕೆ ತರಂಗಿಲ್ಲ ಕಣೇ."

"ಯಾಕತ್ತೆ? ನನ್ನ ಹರಕೆ ಇವತ್ತಿಗೆ ತೀರ್ತಲ್ಲ!"

"ನಿಂದು ತೀರ್ತು. ನಂದು ಇವತ್ತಿಂದ ಶುರು." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ನನ್ನ ಸೊಸೆ ಕೆಲಸ ಕಾಯಂ ಆದ್ರೆ ನಮ್ಮನೇಲಿ ಒಂದು ವರ್ಷ ಯಾರೂ ಬಾಡು ಮುಟ್ಟಲ್ಲ ಅಂತ ನೀನು ಹರಕೆ ಹೊತ್ತ ದಿನಾನೇ ನಾನೂ ದೇವ್ರಿಗೆ ಹೇಳ್ಕಂಡಿದ್ದೆ. ಅದುಕ್ಕೇ ಅಲ್ವೇನೇ ಇಷ್ಟು ದಿನ ಅವನಿಗೆ ತುಂಬ್ತಿದ್ದಿದ್ದು?"

ಕವರಿನೊಳಗಿನ ನಲ್ಲಿಮೂಳೆ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯವರು ಆಗಲೇ ಆಸೆಯಿಂದ ಇಣುಕುತ್ತಿದ್ದರು. ನನಗೆ ದುಃಖ, ಸಿಟ್ಟು, ಪ್ರೀತಿ ಮೂರೂ ಒಟ್ಟಿಗೆ ಉಕ್ಕಿ ಬಂತು.

"ಅತ್ತೆ, ಮನೆಮಂದಿಯೆಲ್ಲ ಬಿಡಬೇಕು ಅಂದ್ರೆ ಒಂದು ಮಾತು ಕೇಳ್ಬಾರ್ದಿತ್ತಾ? ಯಾರು ಹೇಳಿದ್ರು ನಿಮಗೆ ಹಿಂಗೆ ಹೊತ್ಕಳಿ ಅಂತ?"

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ನನ್ನ ಕಂಕುಳಲ್ಲಿದ್ದ ಟ್ಯಾಬನ್ನು ಗದ್ದದಲ್ಲೇ ತೋರಿಸಿದರು.

"ಯಾರೂ ಹೇಳ್ಲಿಲ್ಲ, ನಾನೂ ಯಾರ್ನೂ ಕೇಳ್ಲಿಲ್ಲ. ನನ್ನ ಸ್ವಂತ ನಿರ್ಧಾರ ಕಣೇ. ಬರ್ಕ!"