ತಗ್ಗಿಸತಕ್ಕದ್ದು ತಗ್ಗಿಸಬಹುದು

ಅಂದು ಬೆಳಿಗ್ಗೆ ಪತ್ರಿಕೆಯ ಮೊದಲ ಪುಟದಲ್ಲಿ ಷಡ್ಡಕನ ಫೋಟೊ ಬರದೇ ಹೋಗಿದ್ದರೆ, ಭೂಮಿಯ ಗತಿ ಏನಾದರೂ ಆಗಿರಲಿ, ಕಂಸ ಮಾಮನ ದಿನವಂತೂ ನೆಟ್ಟಗಿರುತ್ತಿತ್ತು.

ನಿಜ ಹೇಳಬೇಕೆಂದರೆ ಫೋಟೊ ಷಡ್ಡಕನದ್ದಲ್ಲ. ಹವಾಮಾನ ಸಮ್ಮೇಳನದ ಅಧ್ಯಕ್ಷೆ ಕೈಯಲ್ಲಿ ಮರದ ಸುತ್ತಿಗೆ ಹಿಡಿದು ನಕ್ಕಿದ್ದರು. ಅವರ ಹೆಗಲ ಹಿಂದೆ ಕಡತ ಹಿಡಿದು ನಿಂತಿದ್ದವನು ಷಡ್ಡಕ. ಆದರೆ ಮಾಮನ ಹೆಂಡತಿಯ ಕಣ್ಣಿಗೆ ಅಧ್ಯಕ್ಷೆ ಬಿದ್ದೇ ಇರಲಿಲ್ಲ.

“ನೋಡ್ರೀ, ನಮ್ಮ ತಂಗಿ ಗಂಡ! ಎಷ್ಟು ಲಕ್ಷಣವಾಗಿ ಬಂದಿದಾರೆ! ನೀವೂ ಅದೇ ಆಫೀಸಲ್ಲೇ ಅಲ್ವಾ ಇರೋದು?”

ಆ ‘ಅಲ್ವಾ’ ಮಾಮನ ಎದೆಗೆ ಮುಳ್ಳಿನಂತೆ ಚುಚ್ಚಿತು. ಅದೇ ಆಫೀಸು, ಹನ್ನೆರಡು ವರ್ಷದಿಂದ. ಆ ಷಡ್ಡಕನಿಗೆ ಕೆಲಸ ಕೊಡಿಸಿದ್ದೂ ತಾನೇ. ಬಂದು ಇನ್ನೂ ಎಂಟು ತಿಂಗಳಾಗಿಲ್ಲ. ಉದ್ದಕ್ಕಿದ್ದಾನೆ, ತಲೆತುಂಬ ಕೂದಲಿದೆ ಎಂದು ಅವನನ್ನು ವೇದಿಕೆಗೆ ಹಾಕಿದರು. ಗಿಡ್ಡಗಿದ್ದ, ಬೋಳಾಗಿದ್ದ ಮಾಮನನ್ನು ಕಿಟಕಿಯಿಲ್ಲದ ಒಂಬತ್ತನೇ ನಂಬರಿನ ಕೋಣೆಯಲ್ಲೇ ಬಿಟ್ಟರು.

ಅಲ್ಲಿ ಮಾಮನ ಕೆಲಸ ಕಂಸ ಹಾಕುವುದು. ಒಪ್ಪಂದದ ಕರಡಿನಲ್ಲಿ ಯಾವ ದೇಶಕ್ಕೆ ಯಾವ ಪದ ಹಿಡಿಸಲಿಲ್ಲವೋ ಆ ಪದದ ಎರಡು ಪಕ್ಕಕ್ಕೂ ಕಂಸ ಹಾಕಬೇಕು. ಜಗಳ ಮುಗಿದ ಮೇಲೆ ತೆಗೆಯಬೇಕು. ಪುರಾಣದ ಕಂಸ ತಂಗಿಯನ್ನು ಸೆರೆಯಲ್ಲಿಟ್ಟ, ಇವನು ಕ್ರಿಯಾಪದಗಳನ್ನು ಸೆರೆಯಲ್ಲಿಡುತ್ತಾನೆ ಎಂದು ಯಾರೋ ತಮಾಷೆ ಮಾಡಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

ಅಂದು ಸಮ್ಮೇಳನದ ಕೊನೆಯ ದಿನ. ಸಾವಿರದ ಇನ್ನೂರು ಕಂಸಗಳಿದ್ದ ಕರಡಿನಲ್ಲಿ ಎರಡು ಮಾತ್ರ ಉಳಿದಿದ್ದವು, ಅವೂ ಒಂದೇ ವಾಕ್ಯದಲ್ಲಿ. ಎಲ್ಲ ದೇಶಗಳೂ ಹೊಗೆಯನ್ನು ‘ತಗ್ಗಿಸತಕ್ಕದ್ದು’ ಎನ್ನಬೇಕೆಂದು ಮುಳುಗುತ್ತಿದ್ದ ದ್ವೀಪಗಳ ಹಟ. ‘ತಗ್ಗಿಸಬಹುದು’ ಎನ್ನಬೇಕೆಂದು ಕಲ್ಲಿದ್ದಲಿನ ದೇಶಗಳ ಹಟ. ಎರಡು ವರ್ಷದಿಂದ ಆ ಎರಡು ಪದಗಳೂ ಅಕ್ಕಪಕ್ಕದ ಕಂಸಗಳಲ್ಲಿ ಮುಖ ತಿರುಗಿಸಿಕೊಂಡು ಕುಳಿತಿದ್ದವು.

ಹನ್ನೆರಡು ಗಂಟೆಗೆ ಅಧ್ಯಕ್ಷೆಯ ಚೀಟಿ ಬಂತು: ‘ದ್ವೀಪದವರು ಒಪ್ಪಿದ್ದಾರೆ. ತಕ್ಕದ್ದು ಹೊಡೆದುಹಾಕಿ, ಬಹುದು ಉಳಿಸಿ. ಕಂಸ ತೆಗೆಯಿರಿ. ಅಂತಿಮ ಪ್ರತಿ ವೇದಿಕೆಗೆ ಕಳುಹಿಸಿ.’

ಚೀಟಿ ತಂದವನು ಷಡ್ಡಕನೇ. “ಅಣ್ಣ, ಬೇಗ ಕೊಡಿ, ನಾನೇ ತಗೊಂಡು ಹೋಗ್ತೀನಿ. ಇವತ್ತು ಟಿವಿಯವರೆಲ್ಲಾ ಬಂದಿದಾರೆ!”

ಟಿವಿಯವರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾಮನ ಹೊಟ್ಟೆಯಲ್ಲಿ ಹೊತ್ತಿಕೊಂಡ ಬೆಂಕಿಯನ್ನು ಯಾವ ಒಪ್ಪಂದವೂ ತಗ್ಗಿಸುವಂತಿರಲಿಲ್ಲ.

“ನೀನು ವೇದಿಕೆಗೆ ಬೇಡ,” ಎಂದ ಮಾಮ, ನಾಲಿಗೆ ತೊದಲದಂತೆ. “ನಾಲ್ಕನೇ ಮಹಡಿಗೆ ಹೋಗು. ಎಲ್ಲ ದೇಶದವರಿಗೂ ಪ್ರತಿ ತೆಗೆಸಬೇಕಂತೆ. ನೀನೇ ನಿಂತು ತೆಗೆಸಬೇಕಂತೆ.”

“ಯಾರು ಹೇಳಿದ್ದು?”

“ಮೇಲಿನವರು.”

“ಹೌದಾ? ಸರಿ ಅಣ್ಣ.” ಷಡ್ಡಕ ಪಾಪದವನು. ಅದೇ ಇನ್ನೊಂದು ಸಂಕಟ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಒಂದು ಕಾರಣ ಸಿಗುತ್ತಿರಲಿಲ್ಲ.

ಮಾಮ ಒಂದು ಕೈಯಲ್ಲಿ ಟೈ ಬಿಗಿದುಕೊಂಡು, ಇನ್ನೊಂದು ಕೈಯಲ್ಲಿ ಕಂಪ್ಯೂಟರಿನ ಕೀಲಿ ಒತ್ತಿದ. ಮೊದಲ ಕಂಸ ಹೋಯಿತು. ಎರಡನೆಯದೂ ಹೋಯಿತು. ಅಷ್ಟರಲ್ಲಿ ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲು ಎಡಕ್ಕೆ ಚೆನ್ನವೋ ಬಲಕ್ಕೆ ಚೆನ್ನವೋ ಎಂಬ ಪ್ರಶ್ನೆ ಎದ್ದಿತು. ಅದನ್ನು ಬಗೆಹರಿಸಿ, ಎರಡು ಪ್ರತಿ ಮುದ್ರಿಸಿ, ಒಂದನ್ನು ಷಡ್ಡಕನ ಕೈಗೆ ತುರುಕಿ, ಇನ್ನೊಂದನ್ನು ಎದೆಗವಚಿಕೊಂಡು ಮದುವಣಿಗನ ಹಾಗೆ ವೇದಿಕೆಗೆ ನಡೆದ.

ಕಂಸ ಹೋಗಿತ್ತು. ತಕ್ಕದ್ದು ಹೋಗಿರಲಿಲ್ಲ.

ಸಭಾಂಗಣದ ದೊಡ್ಡ ಪರದೆಯ ಮೇಲೆ ವಾಕ್ಯ ಮೂಡಿತು: ‘ಎಲ್ಲ ದೇಶಗಳೂ ಹೊಗೆಯನ್ನು ತಗ್ಗಿಸತಕ್ಕದ್ದು ತಗ್ಗಿಸಬಹುದು.’

ದ್ವೀಪದ ಪ್ರತಿನಿಧಿ ಕನ್ನಡಕ ಒರೆಸಿಕೊಂಡು ನೋಡಿದರು. ಬಿಟ್ಟುಕೊಟ್ಟಿದ್ದ ತಕ್ಕದ್ದು ಅಲ್ಲೇ ಇದೆ! ಬಾಯಿಬಿಟ್ಟರೆ ಹೋಗಿಬಿಟ್ಟೀತು ಎಂದು ತುಟಿ ಬಿಗಿದುಕೊಂಡರು. ಎದುರು ಸಾಲಿನ ಕಲ್ಲಿದ್ದಲಿನ ಪ್ರತಿನಿಧಿಗೆ ಕಂಡದ್ದು ಬಹುದು ಮಾತ್ರ. ಅದರ ಹಿಂದೆ ಅಂಟಿಕೊಂಡದ್ದರ ಬಗ್ಗೆ ತಕರಾರು ತೆಗೆದರೆ ಪುನಃ ಎರಡು ವರ್ಷ. ಅವರೂ ಚಾವಣಿ ನೋಡಿದರು. ಪಕ್ಕದವರಿಗೆ ತನಗಿಂತ ಹೆಚ್ಚು ಸಿಕ್ಕಿಬಿಟ್ಟಿತೇನೋ ಎಂದು ಪ್ರತಿ ದೇಶವೂ ಓರೆಗಣ್ಣಿನಲ್ಲಿ ಇನ್ನೊಂದು ದೇಶವನ್ನು ನೋಡಿತು. ಯಾರೂ ಕೈ ಎತ್ತಲಿಲ್ಲ.

“ಆಕ್ಷೇಪಣೆ ಇಲ್ಲವೆ?” ಎಂದು ಕೇಳಿ, ಕರಡಿನ ಕಡೆಗೆ ನೋಡದೆಯೇ ಅಧ್ಯಕ್ಷೆ ಸುತ್ತಿಗೆ ಬಡಿದರು.

ಚಪ್ಪಾಳೆಗೆ ಗಾಜುಗಳು ನಡುಗಿದವು. ಕ್ಯಾಮೆರಾಗಳು ವೇದಿಕೆಯತ್ತ ತಿರುಗಿದವು. ಮಾಮ ಉಸಿರು ಹಿಡಿದು, ಹೊಟ್ಟೆ ಒಳಗೆಳೆದು, ಅಧ್ಯಕ್ಷೆಯ ಹೆಗಲ ಹಿಂದೆ ಮುಖ ತೂರಿಸಿದ. ಅದೇ ಕ್ಷಣಕ್ಕೆ ಬಾಗಿಲಿನಷ್ಟು ಅಗಲದ ಪ್ರತಿನಿಧಿಯೊಬ್ಬರು ಓಡಿಬಂದು ಅಧ್ಯಕ್ಷೆಯನ್ನು ಅಪ್ಪಿಕೊಂಡರು. ಅವರ ಕೋಟಿನ ಬೆನ್ನಿಗೆ ಮಾಮನ ಮೂಗು ಅಪ್ಪಚ್ಚಿಯಾಯಿತು. ಬೆನ್ನು ಸರಿಯುವ ಹೊತ್ತಿಗೆ ಕ್ಯಾಮೆರಾದವರೆಲ್ಲ ಎಲ್ಲಿಗೋ ಓಡಿದ್ದರು.

ಎಲ್ಲಿಗೆ ಎಂಬುದನ್ನು ಹೇಳಿದವಳು ಪ್ರತಿ ತೆಗೆಯುವ ಕೋಣೆಯ ಜೆರಾಕ್ಸ್ ಅಕ್ಕ. ಆಫೀಸಿನಲ್ಲಿ ಅವಳ ಯಂತ್ರಕ್ಕಿಂತ ವೇಗವಾಗಿ ಪ್ರತಿ ತೆಗೆಯುತ್ತಿದ್ದದ್ದು ಅವಳ ಬಾಯಿ ಮಾತ್ರ.

“ಮಾಮ, ನೀವು ನೋಡಬೇಕಿತ್ತು! ನಾಲ್ಕನೇ ಮಹಡೀಲಿ ನಿಮ್ಮ ಷಡ್ಡಕ ಕಾಗದ ಹಂಚ್ತಾ ನಿಂತಿದ್ರಾ, ಎಲ್ಲಾ ದೇಶದವರೂ ಬಂದು ಮುತ್ತಿಕೊಂಡ್ರು. ಇಂಥಾ ಜಾಣ ವಾಕ್ಯ ಬರೆದವರು ನೀವೇನಾ ಅಂತ ತಬ್ಬಿಕೊಂಡಿದ್ದೇ ತಬ್ಬಿಕೊಂಡಿದ್ದು! ಒಬ್ಬರಂತೂ ಅತ್ತೇಬಿಟ್ರು.”

“ಅವನೇನಂದ?” ಮಾಮನ ಸ್ವರ ಬಾವಿಯೊಳಗಿಂದ ಬಂದಂತಿತ್ತು.

“ಏನಂತಾರೆ? ಸುಮ್ಮನೆ ನಗ್ತಾ ಇದ್ರು. ದೊಡ್ಡವರು ಹಾಗೇ ಅಲ್ವಾ. ಟಿವಿಯವರು ಹತ್ತು ಸಲ ತೆಗೆದ್ರು. ಈಗ ಮುಖ್ಯ ಕಾರ್ಯದರ್ಶಿಗಳೇ ಕರೆಸಿದಾರಂತೆ!”

ಮಾಮ ಒಂಬತ್ತನೇ ಕೋಣೆಗೆ ಓಡಿದ. ಪರದೆಯ ಮೇಲೆ ಆ ವಾಕ್ಯವನ್ನು ಮೊದಲ ಸಲ ಓದಿದ. ತಕ್ಕದ್ದು ಯಾಕೆ ಉಳಿಯಿತು ಎಂದು ಒಂದು ಗಳಿಗೆ ಬೆವರಿದ. ಮರುಗಳಿಗೆಯೇ ಎದೆ ಉಬ್ಬಿತು. ಮರೆವೋ ಜಾಣತನವೋ, ಎರಡು ವರ್ಷ ಇಡೀ ಜಗತ್ತು ಬಿಡಿಸಲಾಗದ ಗಂಟನ್ನು ಬಿಡಿಸಿದ್ದು ಈ ಬೆರಳು. ಆ ಹೊಗಳಿಕೆಯನ್ನು ಈ ತಲೆತುಂಬ ಕೂದಲಿನವನು ನುಂಗಿ ನೀರು ಕುಡಿಯುವುದೆ?

ಕಂಪ್ಯೂಟರ್ ರಿಪೇರಿಯವನನ್ನು ಹಿಡಿದು, ಯಾರು ಯಾವಾಗ ಏನು ಒತ್ತಿದರು ಎಂಬ ದಾಖಲೆ ತೆಗೆಸಿದ. ಹನ್ನೆರಡು ಗಂಟೆ ಹದಿನೇಳು ನಿಮಿಷ, ಒಂಬತ್ತನೇ ಕೋಣೆ, ಮಾಮನ ಹೆಸರು, ಮಾಮನ ಗುಟ್ಟಿನ ಪದ. ಎಲ್ಲ ಸ್ಪಷ್ಟವಾಗಿತ್ತು.

“ಇದು ಯಾಕೆ ಮಾಮ ಈಗ?” ಎಂದ ರಿಪೇರಿಯವನು. “ಕೇಳಿದಾಗ ಕೊಟ್ರಾಯ್ತಲ್ಲ.”

“ನಿನಗೆ ಷಡ್ಡಕ ಇದಾನಾ?”

“ಇಲ್ಲ.”

“ಹಾಗಾದ್ರೆ ಬಾಯಿ ಮುಚ್ಚು.”

ಮುಖ್ಯ ಕಾರ್ಯದರ್ಶಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಷಡ್ಡಕನ ದನಿ ಕೇಳಿಸಿತು: “ಹೌದು ಸಾರ್. ಆ ವಾಕ್ಯ ನನ್ನದೇ. ನಾನೊಬ್ಬನೇ ಮಾಡಿದ್ದು. ಬೇರೆ ಯಾರಿಗೂ ಸಂಬಂಧ ಇಲ್ಲ.”

ಇಷ್ಟು ದಿನ ಪಾಪದವನೆಂದುಕೊಂಡಿದ್ದ ಈ ಹಸುವಿನ ಬಾಯಲ್ಲಿ ಇಷ್ಟು ಹಲ್ಲುಗಳಿದ್ದವೆ! ಮಾಮ ಬಾಗಿಲು ದಬ್ಬಿ ಒಳಗೆ ನುಗ್ಗಿದ.

“ಸುಳ್ಳು! ಹಸಿ ಹಸಿ ಸುಳ್ಳು ಸಾರ್! ಆ ವಾಕ್ಯ ನನ್ನದು!”

ಅಧ್ಯಕ್ಷೆ, ಮುಖ್ಯ ಕಾರ್ಯದರ್ಶಿ, ಕಾನೂನು ಸಲಹೆಗಾರ, ಮೂವರೂ ತಿರುಗಿದರು. ಷಡ್ಡಕ ಬೆಚ್ಚಿಬಿದ್ದ. “ಅಣ್ಣ, ಬೇಡ… ನೀವು ಹೋಗಿ…”

“ಯಾಕೆ ಹೋಗ್ಲಿ? ನನ್ನ ಹೆಸರು ನಿನಗೆ ಬಿಟ್ಟು ಹೋಗ್ಲಾ?” ಮಾಮ ದಾಖಲೆಯನ್ನು ಮೇಜಿನ ಮೇಲೆ ಹರಡಿದ. “ನೋಡಿ ಸಾರ್, ಸಮಯ ಇದೆ, ಹೆಸರಿದೆ. ಎರಡೂ ಕಂಸ ಕಿತ್ತವನು ನಾನು, ಎರಡೂ ಪದ ಉಳಿಸಿದವನು ನಾನು. ಇವನಿಗೆ ಕಂಸ ಅಂದ್ರೆ ಏನು ಅಂತಾನೂ ಗೊತ್ತಿಲ್ಲ. ಸುತ್ತಿಗೆ ಬೀಳುವಾಗ ನಾಲ್ಕನೇ ಮಹಡೀಲಿದ್ದ. ಕಳಿಸಿದವನೂ ನಾನೇ!”

ಕಾನೂನು ಸಲಹೆಗಾರ ದಾಖಲೆಯನ್ನು ಕಳೆದುಹೋದ ಮಗು ಸಿಕ್ಕಿದಂತೆ ಎತ್ತಿಕೊಂಡರು. “ಒಂದು ಗಂಟೆಯಿಂದ ಇದನ್ನೇ ಹುಡುಕ್ತಿದ್ವಿ.”

“ಅಂದ್ರೆ…?”

“ಅಂದ್ರೆ,” ಎಂದರು ಅಧ್ಯಕ್ಷೆ, ಹಣೆ ಹಿಡಿದುಕೊಂಡು, “ಎರಡು ವರ್ಷ ಕಾಲು ಹಿಡಿದು ದ್ವೀಪದವರಿಂದ ಒಂದು ಪದ ಬಿಡಿಸಿದ್ದೆ. ಈಗ ಎರಡೂ ಇದೆ. ಸುತ್ತಿಗೆ ಬಿದ್ದಾಯ್ತು, ತಿದ್ದೋ ಹಾಗಿಲ್ಲ. ವಾಕ್ಯಕ್ಕೆ ಅರ್ಥ ಏನು ಅಂತ ಎಲ್ಲಾ ಪತ್ರಿಕೆಯವರೂ ಕೇಳ್ತಿದಾರೆ. ನನಗೂ ಗೊತ್ತಿಲ್ಲ.”

ಮುಖ್ಯ ಕಾರ್ಯದರ್ಶಿ ಷಡ್ಡಕನ ಕಡೆಗೆ ನೋಡಿದರು. ಅವರ ಕಣ್ಣಂಚು ಒದ್ದೆಯಾಗಿತ್ತು. “ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಾ? ಇವರಿಗೋಸ್ಕರ?”

“ಕೆಲಸ ಕೊಡಿಸಿದವರು ಸಾರ್,” ಎಂದ ಷಡ್ಡಕ ತಲೆ ತಗ್ಗಿಸಿ. “ನಾನು ಹೊಸಬ, ಬೈದು ಬಿಡ್ತೀರಿ. ಅಣ್ಣನದು ಹನ್ನೆರಡು ವರ್ಷದ ಸರ್ವಿಸು.”

“ನಿಜ. ಹೊಸಬರಾಗಿದ್ರೆ ಬೈದು ಬಿಡ್ತಿದ್ದೆ,” ಎಂದರು ಮುಖ್ಯ ಕಾರ್ಯದರ್ಶಿ, ಮತ್ತು ಮಾಮನ ಕಡೆಗೆ ತಿರುಗಿ ಲೇಖನಿ ತೆರೆದರು.

ಸಂಜೆ ಐದಕ್ಕೆ ಮಾಮನಿಗೆ ನೆಲಮಾಳಿಗೆಯ ಹಳೆ ಕಡತಗಳ ವಿಭಾಗಕ್ಕೆ ವರ್ಗವಾಯಿತು. ಒಂಬತ್ತನೇ ಕೋಣೆಯ ಸಾಮಾನನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಹೊರಬಂದರೆ, ಬಾಗಿಲಲ್ಲಿ ಷಡ್ಡಕ ನಿಂತಿದ್ದ.

“ಕೊಡಿ ಅಣ್ಣ, ನಾನು ಹೊತ್ಕೊಂಡು ಬರ್ತೀನಿ.”

“ಬೇಡ!”

“ಭಾರ ಇದೆ ಅಣ್ಣ.”

“ಬೇಡ ಅಂದ್ನಲ್ಲ! ಬಿಡು ಕೈ!”

ಇಬ್ಬರೂ ಪೆಟ್ಟಿಗೆಯ ಎರಡು ಕಡೆ ಹಿಡಿದು ಜಗ್ಗಾಡುವುದನ್ನು ನೋಡಲು ಸಾಲಾಗಿ ಕೋಣೆಗಳಿಂದ ತಲೆಗಳು ಹೊರಬಂದವು. ಕೊನೆಗೆ ಎತ್ತರದವನದೇ ಮೇಲಾಯಿತು. ಷಡ್ಡಕ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಮುಂದೆ ನಡೆದ. ಮಾಮ ಬರಿಗೈಯಲ್ಲಿ ಹಿಂದೆ.

“ಎಂಥಾ ದೊಡ್ಡ ಮನಸ್ಸು ನೋಡಿ,” ಎಂದಳು ಜೆರಾಕ್ಸ್ ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು. “ಆ ಮಾಮನೂ ಇದಾರೆ, ಸಹಾಯಕ್ಕೆ ಬಂದವರ ಮೇಲೂ ಹೇಗೆ ರೇಗ್ತಾರೆ!”

ಮೆಟ್ಟಿಲ ತುದಿಯಲ್ಲಿ ಒಂದು ಕ್ಯಾಮೆರಾ ಕ್ಲಿಕ್ಕೆಂದಿತು. ಮಾಮ ಸಟ್ಟನೆ ಹೊಟ್ಟೆ ಒಳಗೆಳೆದು ಮುಖ ಎತ್ತಿದ. ಆದರೆ ಮುಂದೆ ಪೆಟ್ಟಿಗೆ ಇತ್ತು.