ಲುಂಗಿಗೆ ಮೆತ್ತಿದ ಬೂದಿಮಣ್ಣು

ನಾಲ್ಕು ಕೋಟಿ ವರ್ಷದ ಹಿಂದಿನ ಒಂದು ಮಂಗಕ್ಕೆ ನನ್ನ ಹೆಸರಿಡಬೇಕಿತ್ತು. ನಗಬೇಡಿ. ಹಳೆಯ ಮೂಳೆಗಳಿಗೇ ಹೆಸರಾದ ನಮ್ಮ ಪೊಂಡಾಂಗ್ ಸೀಮೆಯಲ್ಲಿ ಅದು ಸಣ್ಣ ಗೌರವವಲ್ಲ. ಆ ಮಹಾಪದವಿಯನ್ನು ನಾನು ನನ್ನ ಬಾಯಿಂದಲೇ ಕಳೆದುಕೊಂಡೆ.

ಮಳೆಗಾಲದ ವ್ರತ ಶುರುವಾದಾಗ ಬುದ್ಧನ ಮುಂದೆ (ಅದಕ್ಕಿಂತ ಭಯಂಕರವಾಗಿ, ಹೆಂಡತಿ ಮ ಶ್ವೇಯಿನ್ ಮುಂದೆ) ಇನ್ನು ಹೆಂಡ ಮುಟ್ಟುವುದಿಲ್ಲವೆಂದು ಕೈಮುಗಿದಿದ್ದೆ. ಹುಣ್ಣಿಮೆ, ಅಮಾವಾಸ್ಯೆಯ ವ್ರತದ ದಿನ ಗುಡ್ಡದ ಮೇಲಿನ ವಿಹಾರಕ್ಕೆಂದೇ ಹೊರಡುತ್ತಿದ್ದೆ. ಕಾಲುಗಳು ಮಾತ್ರ ಹಳ್ಳದಾಚೆಯ ತಾಳೆತೋಪಿಗೆ ಹೋಗುತ್ತಿದ್ದವು. ಆ ಹುಣ್ಣಿಮೆಯ ದಿನ ಹಳ್ಳದ ದಂಡೆಯಲ್ಲಿ ಹೆಂಡದ ಮಡಕೆ ಹಿಡಿದು ಕೂತೆ ನೋಡಿ, ನನ್ನ ಪೃಷ್ಠಭಾಗವನ್ನು ಯಾರೋ ಕಚ್ಚಿದರು. ಹಾರಿ ಎದ್ದು ನೋಡಿದರೆ ಹೆಬ್ಬೆರಳುದ್ದದ, ಕಲ್ಲಾಗಿಹೋದ ದವಡೆ! ಅದರಲ್ಲಿ ಮೂರು ಹಲ್ಲು.

ಹಳೆಯ ಮೂಳೆ ಹುಡುಕಲು ಯಾಂಗೋನಿನಿಂದ ಬಂದು ಊರಲ್ಲಿ ಉಳಿದಿದ್ದ ಸಯಾಮ (ನಾವು ಮೇಡಮ್ಮನವರನ್ನು ಕರೆಯುವುದೇ ಹಾಗೆ) ಅಂದು ಸಂಜೆ ನಮ್ಮ ಅಂಗಳದಲ್ಲಿ ಅದಕ್ಕೆ ಭೂತಗನ್ನಡಿ ಹಿಡಿದರು.

"ಕೋ ಲೂನ್, ಇದು ಮಂಗ, ಮನುಷ್ಯ ಎಲ್ಲರ ಮುತ್ತಜ್ಜನ ಮುತ್ತಜ್ಜ ಇರಬಹುದು! ಹೊಸ ಜಾತಿ ಅಂತಾದ್ರೆ ನಿಮ್ಮ ಹೆಸರೇ ಇಡ್ತೀನಿ. ಎಲ್ಲಿ ಸಿಕ್ತು?"

ಶ್ವೇಯಿನ್ ಚಹಾ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ವಿಹಾರದ ಮೆಟ್ಟಿಲ ಹತ್ರ" ಎಂದೆ.

ಸಯಾಮರ ಮುಖ ಸಣ್ಣದಾಯಿತು. "ಆ ಗುಡ್ಡದ ಬುಡದಲ್ಲಿರೋದು ಮೊನ್ನೆ ಮೊನ್ನೆ ಹೊಳೆ ತಂದು ಹಾಕಿದ ಮಣ್ಣು. ಹಲ್ಲು ತನ್ನ ವಯಸ್ಸು ತಾನೇ ಹೇಳಲ್ಲ. ಜೊತೆಗೆ ಜ್ವಾಲಾಮುಖಿ ಬೂದಿಯ ಪದರ ಇದ್ರೆ, ಅದರ ಹರಳು ಪರೀಕ್ಷೆ ಮಾಡಿ ಹೇಳ್ಬಹುದು. ಸರಿಯಾಗಿ ನೆನಪು ಮಾಡ್ಕೊಳ್ಳಿ, ಎಲ್ಲಿ?"

"ಮೆಟ್ಟಿಲ ಹತ್ರಾನೇ."

"ಖಂಡಿತಾನಾ?"

"ವ್ರತದ ದಿನ ಇನ್ನೆಲ್ಲಿಗೆ ಹೋಗ್ಲಿ, ಸಯಾಮ?"

ಅವರು 'ಕಾಲ ತಿಳಿಯದು' ಎಂದು ಚೀಟಿ ಬರೆದು ದವಡೆಯನ್ನು ಡಬ್ಬಿಗೆ ಹಾಕಿದರು. ಸುಳ್ಳು ಬೇಡ, ಹೆಂಡ ಬೇಡ ಎನ್ನುವ ಪಂಚಶೀಲ ಗುನುಗುತ್ತ ನಾನು ಚಹಾ ಕುಡಿದೆ.

ಮರುದಿನ ಬೆಳಿಗ್ಗೆ ಶ್ವೇಯಿನ್ ನನ್ನ ಒಗೆಯದ ಲುಂಗಿ ಹಿಡಿದು ಸೀದಾ ಸಯಾಮರ ಬಳಿಗೆ ಹೋದಳು.

"ವಿಹಾರದ ಮಣ್ಣು ಕೆಂಪು. ಇವರ ಲುಂಗಿ ಹಿಂದುಗಡೆ ನೋಡಿ, ಪ್ರತಿ ವ್ರತದ ದಿನಾನೂ ಇದೇ ಬಿಳಿ ಬೂದಿಮಣ್ಣು. ಉಜ್ಜಿ ಉಜ್ಜಿ ನನ್ನ ಕೈ ಸವೆದುಹೋಗಿದೆ. ಈ ಮಣ್ಣು ಊರಲ್ಲಿ ಇರೋದು ಒಂದೇ ಕಡೆ. ಬನ್ನಿ, ತೋರಿಸ್ತೀನಿ."

ದಂಡೆಯ ಮೇಲೆ ನಾನು ಕೂತ ಗುರುತು ಇನ್ನೂ ಇತ್ತಂತೆ (ಸೇದಿ ಬಿಸಾಡಿದ ಚುಟ್ಟದ ಸಮೇತ). ಅದರ ಪಕ್ಕದಲ್ಲೇ, ಬೂದಿಯ ಪದರದಲ್ಲಿ, ದವಡೆಯ ಉಳಿದ ಅರ್ಧ! ಕೆಲವು ತಿಂಗಳ ಮೇಲೆ ಬೂದಿಯ ಲೆಕ್ಕ ಬಂತು: ನಾಲ್ಕು ಕೋಟಿ ವರ್ಷ. ಹೆಸರು, ಮ ಶ್ವೇಯಿನ್‌ಳದು.

"ಗೊತ್ತಿದ್ದೋಳು ಅವತ್ತು ಅಂಗಳದಲ್ಲೇ ಹೇಳ್ಬಾರ್ದಿತ್ತಾ?" ಎಂದು ರೇಗಿದೆ.

"ಸಯಾಮ ಮೂರು ಸಲ ಕೇಳಿದ್ರು ರೀ. ಮೂರು ಸಲಾನೂ ನಿಮ್ಮ ಬಾಯೇ ನೋಡ್ತಾ ನಿಂತಿದ್ದೆ. ಹೇಳಿದ್ದಿದ್ರೆ ಒಂದು ದಿನ ಬೈದು ಸುಮ್ಮನಾಗ್ತಿದ್ದೆ."

ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ಬೈಯಲೇ ಇಲ್ಲ. ಈಗ ವ್ರತದ ದಿನ ನಾನು ನಿಜವಾಗಿಯೂ ವಿಹಾರಕ್ಕೇ ಹೋಗುತ್ತೇನೆ. ಮನೆಗೆ ಬಂದರೆ ಅವಳು ಏನೂ ಕೇಳುವುದಿಲ್ಲ. ಲುಂಗಿಯ ಹಿಂಭಾಗ ನೋಡಿ ಒಳಗೆ ಹೋಗುತ್ತಾಳೆ.